ಇಪ್ಪತ್ತು ದಾಟದ ಕಾರು

ತರೀಕೆರೆಯಲ್ಲಿ ನನ್ನದು ಶಾಮಿಯಾನದ ವ್ಯಾಪಾರ. ಕುರ್ಚಿ, ಪಾತ್ರೆ, ಸೀರಿಯಲ್ ಸೆಟ್ಟು, ಮದುವೆಗೆ ಏನೇನು ಬೇಕೋ ಎಲ್ಲ ಬಾಡಿಗೆಗೆ ಕೊಡುತ್ತೇನೆ. ಎಂಟು ವರ್ಷದ ಹಿಂದೆ ಅದ್ಯಾವ ದೆವ್ವ ಮೆಟ್ಟಿಕೊಂಡಿತ್ತೋ, ಬೆಂಗಳೂರಿಗೆ ಹೋದವನು ಒಂದು ಹಳೆಯ ಸ್ಪೋರ್ಟ್ಸ್ ಕಾರನ್ನು ಲಾರಿಗೆ ಹೇರಿಸಿಕೊಂಡು ತಂದೆ. ಕೆಂಪು ಬಣ್ಣ, ಎರಡೇ ಬಾಗಿಲು, ಗುಂಡಿ ಒತ್ತಿದರೆ ಮಡಚಿಕೊಳ್ಳುವ ಛಾವಣಿ, ಹಿಂದೆ ಹೆಸರಿಗೆ ಎರಡು ಸೀಟು. ತಂದದ್ದು ಓಡಿಸುವುದಕ್ಕಲ್ಲ, ಮದುವೆಯ ಮೆರವಣಿಗೆಗೆ. ಹಿಂದಿನ ಸೀಟಿನ ಒರಗಿನ ಮೇಲೆ ಗಂಡು ಹೆಣ್ಣನ್ನು ಎತ್ತರಕ್ಕೆ ಕೂರಿಸಿ, ಬ್ಯಾಂಡಿನವರ ಹಿಂದೆ ಹೆಜ್ಜೆಗೆ ಹೆಜ್ಜೆ ಬಿಡುತ್ತಿದ್ದೆ. ಕಡೂರು, ಬೀರೂರು, ಅಜ್ಜಂಪುರ, ಯಾವ ಛತ್ರಕ್ಕೆ ಹೋದರೂ ಜನ ಮದುಮಕ್ಕಳಿಗಿಂತ ಮೊದಲು ಕಾರನ್ನೇ ನೋಡುತ್ತಿದ್ದರು.

ಆ ಹಿಂದಿನ ಸೀಟಿಗೆ ನಾನೊಂದು ಕಟ್ಟಳೆ ಮಾಡಿದ್ದೆ. ಹೊಸ ಮದುಮಕ್ಕಳು ಬಿಟ್ಟರೆ ಬೇರೆ ನರಪಿಳ್ಳೆಯೂ ಅಲ್ಲಿ ಕೂರಕೂಡದು. ಮದುವೆ ಮನೆಯವರಿಗೆ ಇದನ್ನೇ ಮೊದಲು ಹೇಳುತ್ತಿದ್ದೆ, ಅವರಿಗೂ ಅದು ಇಷ್ಟವಾಗುತ್ತಿತ್ತು. ಒಂದು ಸಲ ನನ್ನ ಹೆಂಡತಿ, ಅಜ್ಜಂಪುರದ ತನ್ನ ತವರಿಗೆ ಅದರಲ್ಲೇ ಬಿಟ್ಟು ಬನ್ನಿ ಎಂದು ಕೇಳಿದಳು. "ಅದು ಬಿಸಿನೆಸ್ ಸೀಟು ಕಣೇ" ಎಂದು ಹೇಳಿ ಬಸ್ಸು ಹತ್ತಿಸಿದೆ.

"ಆಯ್ತು ಬಿಡ್ರೀ" ಎಂದಿದ್ದಳು. "ಮದ್ವೆ ದಿನ ಜೀಪು ಕೆಟ್ಟೋಯ್ತು ಅಂತ ಮಾವೋರು ಟ್ರ್ಯಾಕ್ಟರ್ ಟ್ರೈಲರ್‌ನಾಗೆ ಪಾತ್ರೆ ಜೊತೆ ಕೂರ್ಸ್ಕಂಡ್ ಬಂದ್ರಲ್ಲ, ನಂಗೆ ಅಷ್ಟೇ ಸಾಕು."

ಈಗಿನ ಗಂಡುಗಳಿಗೆ ಕಾರು ಬೇಡ, ಜೆಸಿಬಿ ಬೇಕಂತೆ. ಅದರ ಬಕೆಟ್ಟಿನಲ್ಲಿ ಕೂತು ಬರುತ್ತಾರೆ, ಕರ್ಮ! ನನ್ನ ಕಾರು ಶೆಡ್ಡಿನಲ್ಲಿ ಧೂಳು ತಿನ್ನುತ್ತ ನಿಂತಿತು. ಅಷ್ಟರಲ್ಲಿ ಹೆಂಡತಿ ಶಾವಿಗೆ ಮಾಡುವ ಮಷಿನ್ನಿಗೆ ಆರ್ಡರ್ ಕೊಟ್ಟಳು. ಮದುವೆಯಾದಾಗಿನಿಂದ ಅವಳು ತನಗೆಂದು ಬಾಯಿಬಿಟ್ಟು ಕೇಳಿದ ಒಂದೇ ವಸ್ತು ಅದು. ಇಡಲು ಆ ಶೆಡ್ಡು ಬಿಟ್ಟರೆ ಬೇರೆ ಜಾಗವಿಲ್ಲ.

"ಸೋಮವಾರ ಮಷಿನ್ ಬತ್ತೈತೆ. ಭಾನುವಾರದೊಳಗೆ ಶೆಡ್ಡು ಖಾಲಿ ಆಗ್ಬೇಕು. ಇಲ್ಲಾಂದ್ರೆ ಆ ಕಾರ್ ಮೇಲೇ ಶಾವಿಗೆ ಒಣಗ್ಸ್ತೀನಿ ನೋಡಿ" ಎಂದಳು. ಒಣಗಿಸುವವಳೇ.

ಕಡೂರಿನಲ್ಲಿ ಹಳೇ ಕಾರು ಮಾರುವ ಪರಿಚಯದವನೊಬ್ಬನಿದ್ದ. ಅವನು ಕೈ ಮುಗಿದು, "ಅಣ್ಣಾ, ಇದು ನಮ್ ಕೈಲಾಗೋದಲ್ಲ, ಇಂಥವನ್ನೇ ತಗಳೋರು ಬ್ಯಾರೆ ಅವ್ರೆ" ಎಂದು ಬೆಂಗಳೂರಿನ ಇಬ್ಬರ ನಂಬರ್ ಕೊಟ್ಟ. ಮೊದಲನೆಯವನು ಫೋನಿನಲ್ಲೇ ನನ್ನ ತಲೆ ತಿಂದ. ಸರ್ವಿಸ್ ಹಿಸ್ಟರಿ ಇದೆಯಾ, ಎರಡನೇ ಕೀ ಇದೆಯಾ, ಪೇಂಟ್ ಒರಿಜಿನಲ್ಲಾ? ಕೊನೆಗೆ, ಕಾರು ತಂದು ನಮ್ಮ ಶೋರೂಮಿನಲ್ಲಿ ಬಿಡಿ, ಗಿರಾಕಿ ಸಿಕ್ಕಿದಾಗ ಮಾರಿಕೊಡುತ್ತೇವೆ ಎಂದ. ಯಾವಾಗ ಸಿಗಬಹುದು ಎಂದರೆ, ಹೇಳೋಕಾಗಲ್ಲ ಸಾರ್ ಎಂದ. ಕಾರು ಅವನ ಹತ್ತಿರ, ಹೆಸರು ನನ್ನದು, ಕೊಳ್ಳುವವನು ಇನ್ನೂ ಹುಟ್ಟಿಲ್ಲ! ಇದು ಮಾರಾಟವೋ ಅಡವೋ ನನಗೆ ಬಗೆಹರಿಯಲಿಲ್ಲ. ಫೋನ್ ಇಟ್ಟುಬಿಟ್ಟೆ.

ಎರಡನೆಯವನು ಬುಧವಾರ ತಾನೇ ಬಂದ. ನಲವತ್ತರ ಆಸುಪಾಸು, ಮೃದು ಮಾತು. ಬಂದವನು ಬೆಲೆಯ ಸುದ್ದಿ ಎತ್ತಲಿಲ್ಲ, ಕಾಫಿಯನ್ನೂ ಮುಟ್ಟಲಿಲ್ಲ. ಪುಟ್ಟ ಯಂತ್ರವೊಂದನ್ನು ಕಾರಿನ ಮೈಗೆ ಅಲ್ಲಲ್ಲಿ ಒತ್ತಿ ಬಣ್ಣದ ದಪ್ಪ ಅಳೆಯುತ್ತ ಬಂದವನು ಬಾಗಿಲಿನ ಹತ್ತಿರ ನಿಂತುಬಿಟ್ಟ.

"ಇದೇನ್ ಸಾರ್, ಕೊಕ್ಕೆ?"

"ಹಾರ ಕಟ್ಟೋಕೆ" ಎಂದೆ ಹೆಮ್ಮೆಯಿಂದ. "ಸುತ್ತ ಹದಿನಾಲ್ಕು ಐತೆ. ಅಜ್ಜಂಪುರದಾಗೆ ನಾನೇ ಮುಂದೆ ನಿಂತು ಡ್ರಿಲ್ ಹೊಡ್ಸಿದ್ದು."

ಅವನು ಕಣ್ಣು ಮುಚ್ಚಿ ತೆರೆದ. ಒಳಗೆ ಕೂತು ಎಸಿ ಹಾಕಿದ. ಎಂಟು ವರ್ಷದ ಅಕ್ಷತೆ ಗಾಳಿ ಬರುವ ಕಿಂಡಿಯಿಂದ ಬುಳಬುಳನೆ ಅವನ ಮಡಿಲಿಗೆ ಸುರಿಯಿತು. ನನಗೆ ಮಾನ ಹೋದಂತಾಯಿತು. ಆದರೂ ನನ್ನ ಹತ್ತಿರ ಒಂದು ದೊಡ್ಡ ಮಾತು ಉಳಿದಿತ್ತು. ನಮ್ಮ ಕಡೆ ಹಳೇ ಗಾಡಿ ಮಾರುವವರು ಕೊನೆಗೆ ಹೇಳುವ ಮಾತೇ ಅದು, ಜೋಪಾನವಾಗಿ ಇಟ್ಕೊಂಡಿದ್ದೆ ಅಂತ.

"ನೋಡಿ ಸ್ವಾಮಿ, ಎಂಟು ವರ್ಷದಾಗೆ ನನ್ ಕೈಲಿ ಈ ಗಾಡಿ ಇಪ್ಪತ್ತು ದಾಟಿಲ್ಲ. ಮಗು ನೋಡ್ಕಂಡಂಗೆ ನೋಡ್ಕಂಡಿದೀನಿ."

"ಇಪ್ಪತ್ತು ಸಾವಿರ ಕಿಲೋಮೀಟರಾ?"

"ಅಲ್ಲ, ಸ್ಪೀಡು."

ಅವನು ಸ್ಟೇರಿಂಗಿನ ಮೇಲೆ ಹಣೆ ಇಟ್ಟ. ಆಮೇಲೆ ಸಾವಧಾನವಾಗಿ ವಿವರಿಸಿದ. ಇದು ಓಡುವುದಕ್ಕೆಂದೇ ಹುಟ್ಟಿದ ಎಂಜಿನ್ನಂತೆ. ಓಡಿಸದೆ ಬರೀ ನಡೆಸಿ ನಡೆಸಿ ನಾನು ಅದರೊಳಗೆಲ್ಲ ಮಸಿ ಕಟ್ಟಿಸಿದ್ದೇನಂತೆ. "ಮೂರು ದಿನ ಹೈವೇಲಿ ಚೆನ್ನಾಗಿ ಓಡಿಸಿ ಸಾರ್. ಭಾನುವಾರ ಬಂದು ಎಂಜಿನ್ ಶಬ್ದ ಕೇಳ್ತೀನಿ. ಮಸಿ ಬಿಟ್ಕೊಂಡಿದ್ರೆ ಇಡೀ ಕಾರು ತಗೋತೀನಿ. ಇಲ್ಲಾಂದ್ರೆ ಬಿಚ್ಚಿ ಪಾರ್ಟ್ಸ್‌ಗೆ ಅಷ್ಟೇ."

ಬಿಚ್ಚಿ! ಜೋಪಾನ ಮಾಡಿದ್ದೇ ಹಾಳು ಮಾಡಿದ್ದು ಎಂದರೆ ಇಷ್ಟು ದಿನ ನಾನು ಮಾಡಿದ್ದಾದರೂ ಏನು? ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ. ಹೈವೇಯಲ್ಲಿ ಅಷ್ಟು ಜೋರು ಓಡಿಸಲು ಭಯವಾಗುತ್ತದೆ ಎಂದೂ ಹೇಳಿದೆ. ಅವಳು ಸಾರು ಬಡಿಸುತ್ತ, "ಶೆಡ್ಡು ಖಾಲಿ ಆಗ್ಬೇಕಲ್ಲ, ನಾನೂ ಬತ್ತೀನಿ ಬಿಡಿ" ಎಂದಳು.

ಗುರುವಾರ ಬೆಳಿಗ್ಗೆ ಛಾವಣಿ ಮಡಚಿ ಹೊರಟೆವು. ಹಿಂದೆ ಆರಾಮಾಗಿ ಕೂತ್ಕೋ ಎಂದೆ. "ಬ್ಯಾಡಪ್ಪ, ಅದು ಬಿಸಿನೆಸ್ ಸೀಟು" ಎಂದು ಮುಂದೆ ನನ್ನ ಪಕ್ಕವೇ ಕೂತಳು. ಆ ಮಾತು ಅವಳಿಗೆ ಇನ್ನೂ ನೆನಪಿದೆ ಎಂದು ನಾನು ಅಂದುಕೊಂಡಿರಲಿಲ್ಲ. ಊರು ದಾಟಿ ಕಡೂರಿನ ದಾರಿಗೆ ಬಿದ್ದಾಗ ನಲವತ್ತಕ್ಕೇ ನನ್ನ ಅಂಗೈ ಬೆವರಿತು. ಅವಳು ಸೆರಗು ಬಿಗಿದುಕೊಂಡು, "ಇದೇನ್ರೀ, ಹಾಲಿನ ವ್ಯಾನ್ ಮುಂದೆ ಹೋಯ್ತು! ಒತ್ರೀ" ಎಂದಳು. ಒತ್ತಿದೆ. ಕಾರು ಎರಡು ಸಲ ಕೆಮ್ಮಿ, ಹಿಂದಿನಿಂದ ಕಪ್ಪು ಹೊಗೆ ಕಕ್ಕಿ, ಆಮೇಲೆ ನನ್ನ ಮಾತನ್ನೇ ಕೇಳದೆ ಹಾರಿತು. ನಾನು ಶಿವಶಿವಾ ಅನ್ನುತ್ತಿದ್ದರೆ ಅವಳು ಬಾಯ್ತುಂಬ ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ಕಂಡು ಯಾವ ಕಾಲವಾಗಿತ್ತೋ. ಕಡೂರಿನಲ್ಲಿ ಇಡ್ಲಿ ತಿಂದು ವಾಪಸ್ಸು ಬಂದೆವು. ಶುಕ್ರವಾರ ಮತ್ತೆ ಹೋದೆವು. ಶನಿವಾರ, ನಾನು ಕರೆಯುವ ಮೊದಲೇ ಅವಳು ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಗೇಟಿನಲ್ಲಿ ನಿಂತಿದ್ದಳು.

ಆ ದಿನ ಬರುವಾಗ ನಾನೇ ಕೇಳಿದೆ, "ಮಾರೋದು ಬ್ಯಾಡ ಅಂತೀಯೇನೇ?"

"ಮಷಿನ್ ಎಲ್ಲಿಡ್ಲಿ, ನಿಮ್ ತಲೆ ಮೇಲಾ?" ಎಂದಳು. ಅಷ್ಟು ಹೇಳಿ ರಸ್ತೆ ನೋಡುತ್ತ ಕೂತಳು. ಅವಳ ಮನಸ್ಸಿನಲ್ಲಿ ಏನಿದೆಯೋ ನನಗೆ ತಿಳಿಯಲಿಲ್ಲ. ನನ್ನ ಮನಸ್ಸಿನಲ್ಲಿ ಏನಿದೆ ಎಂಬುದೂ ತಿಳಿಯಲಿಲ್ಲ.

ಭಾನುವಾರ ವ್ಯಾಪಾರಿ ಬಂದ. ಎಂಜಿನ್ ಚಾಲೂ ಮಾಡಿ, ಬಾನೆಟ್ ಎತ್ತಿ, ಡಾಕ್ಟರು ಎದೆಬಡಿತ ಕೇಳಿದ ಹಾಗೆ ಕೇಳಿದ. "ಬಿಟ್ಕೊಂಡಿದೆ ಸಾರ್. ತಗೋತೀನಿ" ಎಂದ. ನಾನು ಕುಣಿಯಬೇಕಿತ್ತು. ಬರೀ ತಲೆಯಾಡಿಸಿದೆ. ಕಾಗದಕ್ಕೆ ಸಹಿ ಹಾಕಿ, ಎರಡೂ ಕೀ ತೆಗೆದು ಎದುರಿಗಿಟ್ಟೆ.

ಕಾರು ಒಯ್ಯುವ ಲಾರಿ ನಮ್ಮ ಓಣಿಯಲ್ಲಿ ಹಿಡಿಯದೆ ಮೇನ್ ರೋಡಿನಲ್ಲೇ ನಿಂತಿತ್ತು. ಅಲ್ಲಿಯವರೆಗೆ ನೀವೇ ತಂದುಕೊಡಿ ಎಂದು ಒಂದು ಕೀ ನನ್ನ ಕೈಗೇ ಕೊಟ್ಟು ವ್ಯಾಪಾರಿ ಮುಂದೆ ನಡೆದ. ಛಾವಣಿ ಮಡಚಿಯೇ ಇತ್ತು. ನಾನು ಕಾರನ್ನು ಶೆಡ್ಡಿನಿಂದ ಅಂಗಳಕ್ಕೆ ತಂದು, ಗೇಟು ತೆಗೆಯಲು ಇಳಿದೆ. ತಿರುಗಿ ಬರುವಷ್ಟರಲ್ಲಿ ಹೆಂಡತಿ ಪೊರಕೆಯನ್ನು ಗೋಡೆಗೆ ಒರಗಿಸಿ, ಚಪ್ಪಲಿ ಕಳಚಿ, ಹಿಂದಿನ ಸೀಟಿಗೆ ಹತ್ತಿದ್ದಳು. ಸೀಟಿನಲ್ಲಿ ಅಲ್ಲ, ಅದರ ಒರಗಿನ ಮೇಲೆ, ಮದುಮಗಳು ಕೂರುವ ಎತ್ತರದಲ್ಲಿ. ಸೆರಗು ಸರಿಮಾಡಿಕೊಂಡು ಎದುರಿಗೆ ನೋಡುತ್ತಿದ್ದಳು.

ನಾನು ಹೋಗಿ ಸ್ಟೇರಿಂಗ್ ಹಿಡಿದು ಕೂತೆ. ಮೂರು ದಿನದ ಅಭ್ಯಾಸ ನೋಡಿ, ಕಾಲು ತಾನಾಗಿಯೇ ಜೋರಾಗಿ ಒತ್ತಿತು.

"ನಿಧಾನಕ್ಕೆ ಹೋಗ್ರೀ" ಎಂದಳು ಹಿಂದಿನಿಂದ. "ಎಲ್ರೂ ನೋಡ್ಲಿ."