ಕ್ರಿಸ್ಪೀನಳ ಪಿಂಗಾಣಿ ತಟ್ಟೆ

ಜೂನ್ ತಿಂಗಳಲ್ಲಿ ಕ್ರಿಸ್ಪೀನಳಿಗೆ ಸಣ್ಣದಾಗಿ ಲಕ್ವ ಹೊಡೆಯಿತು. ತೊದಲುತ್ತಿದ್ದ ಮಾತು ಎರಡೇ ದಿನದಲ್ಲಿ ನೆಟ್ಟಗಾಯಿತು, ಎಳೆದು ಹಾಕುತ್ತಿದ್ದ ಕಾಲು ಹದಿನೈದು ದಿನದಲ್ಲಿ ಸರಿಹೋಯಿತು. ಬಲಗೈ ಮಾತ್ರ ಹಟ ಬಿಡಲಿಲ್ಲ. ಚಮಚ ಕೊಟ್ಟರೆ ಚಮಚ ಬೀಳಿಸುತ್ತಿತ್ತು, ಬಾಚಣಿಗೆ ಕೊಟ್ಟರೆ ಬಾಚಣಿಗೆ. ಆರೋಗ್ಯ ಕೇಂದ್ರದ ನರ್ಸು ಒಂದು ರಬ್ಬರ್ ಚೆಂಡು ಕೊಟ್ಟು ದಿನಾ ಹಿಸುಕಬೇಕು ಎಂದಿದ್ದಳು. ಕ್ರಿಸ್ಪೀನ ಜಗಲಿಯ ಮೇಲೆ ಕೂತು, ಕೊಲ್ಲಿಯ ನೀರು ಇಳಿಯುವುದನ್ನೂ ಏರುವುದನ್ನೂ ನೋಡುತ್ತ, ಜಪಮಣಿ ಎಣಿಸುವ ಹಾಗೆ ಆ ಚೆಂಡನ್ನು ಹಿಸುಕುತ್ತಿದ್ದಳು.

ಅರವತ್ತೊಂಬತ್ತರ ಅವಳಿಗೆ ಉಣ್ಣುವುದು, ತಲೆ ಬಾಚಿಕೊಳ್ಳುವುದು ಚಿಂತೆಯಾಗಿರಲಿಲ್ಲ. ಅದಕ್ಕೆಲ್ಲ ತಂಗಿಯ ಮಗಳು ಮರಿನಾಲ್ವ ಇದ್ದಳು. ಚಿಂತೆಯೆಲ್ಲ ಸೆಪ್ಟೆಂಬರ್ ಇಪ್ಪತ್ತೇಳರ ಸಂತರ ಹಬ್ಬದ್ದು.

ಮೂವತ್ತನಾಲ್ಕು ವರ್ಷದ ಹಿಂದೆ ತಂಗಿ ಅನೀಸಿಯ ಎರಡು ದಿನ ಹೆರಿಗೆ ನೋವು ತಿಂದಳು. ಹೊಟ್ಟೆಯಲ್ಲಿ ಅವಳಿ ಮಕ್ಕಳು, ಹೊರಗೆ ಬಿಡದ ಮಳೆ, ದೋಣಿ ಹೊರಡದ ಕಡಲು. ಕ್ರಿಸ್ಪೀನ ಅಡಿಗೆಮನೆಯ ನೆಲದ ಮೇಲೆ ಮಂಡಿಯೂರಿ ಅವಳಿ ಸಂತರಾದ ಕೊಸ್ಮೆ ಮತ್ತು ದಮಿಯಾವ್‌ಗೆ ಹರಕೆ ಹೊತ್ತಳು: ಎರಡು ಜೀವವೂ ಉಳಿದರೆ, ನಾನು ಇರುವ ತನಕ ಪ್ರತಿ ವರ್ಷ ನಿಮ್ಮ ದಿನ ಬೆಂಡೆಕಾಯಿ ಅಡಿಗೆ ಮಾಡಿ ಮಕ್ಕಳಿಗೆ ಬಡಿಸುತ್ತೇನೆ, ಅಂಗಳದಲ್ಲಿ ಸಾಂಬಾ ಹಾಡು-ಕುಣಿತ ಕಟ್ಟಿಸುತ್ತೇನೆ, ಅದಕ್ಕೆ ಈ ಮನೆಯ ತಟ್ಟೆ ಈ ಮನೆಯವರ ಕೈಯಿಂದಲೇ ನುಡಿಯುತ್ತದೆ. ಮಕ್ಕಳಿಬ್ಬರೂ ಉಳಿದರು. ಗಂಡು ಮರಿವಾಲ್ದೊ ಈಗ ಸಾಲ್ವದೋರ್ ನಗರದ ಬಂದರಿನಲ್ಲಿ ಕೆಲಸಕ್ಕಿದ್ದಾನೆ. ಹೆಣ್ಣು ಮರಿನಾಲ್ವ. ಅನೀಸಿಯ ತೀರಿಹೋಗಿ ಬಹಳ ಕಾಲವಾಯಿತು.

ತಟ್ಟೆ ಎಂದರೆ ಉಣ್ಣುವ ತಟ್ಟೆಯೇ. ಕ್ರಿಸ್ಪೀನಳ ತಾಯಿಯದು, ನೀಲಿ ಅಂಚಿನ ಪಿಂಗಾಣಿ. ಎಡಗೈಯಲ್ಲಿ ತಟ್ಟೆ, ಬಲಗೈಯಲ್ಲಿ ಊಟದ ಚಾಕು. ಚಾಕುವಿನಿಂದ ತಟ್ಟೆಯ ಅಂಚನ್ನು ಕೆರೆದರೆ ಸಾಂಬಾ ಕಾಲೂರಿ ನಿಲ್ಲುತ್ತದೆ. ಐವತ್ತು ವರ್ಷ ಕಾಂಡ್ಲಾ ಗಿಡಗಳ ಕೆಸರಿನಲ್ಲಿ ಬಗ್ಗಿ ಚಿಪ್ಪಿ ಹೆಕ್ಕಿದ ಕೈ ಅದು. ಆದರೂ ಅಕುಪೆ ಊರಿನಲ್ಲಿ ಆ ಕೈ ಹೆಸರಾದದ್ದು ಚಿಪ್ಪಿಗಲ್ಲ, ತಟ್ಟೆಗೆ. ಗಿಟಾರಿನಂಥ ತಂತಿವಾದ್ಯ ವಯೊಲ ನುಡಿಸುವ ಬೆರ್ತೊಲೀನೊ ಅಂತೂ, ಕ್ರಿಸ್ಪೀನ ಪಕ್ಕದಲ್ಲಿ ಇಲ್ಲದಿದ್ದರೆ ತನ್ನ ತಂತಿಗಳು ಅನಾಥ ಎನ್ನುತ್ತಿದ್ದ.

ಸೆಪ್ಟೆಂಬರ್ ನಡುವಿನಲ್ಲಿ ಒಂದು ಬೆಳಿಗ್ಗೆ ಅವನೇ ಬಂದ. ಮರಿನಾಲ್ವ ಅಂಗಳದಲ್ಲಿ ಕೂತು ಬೇಯಿಸಿದ ಚಿಪ್ಪಿಯಿಂದ ಮಾಂಸ ಬಿಡಿಸುತ್ತಿದ್ದಳು.

"ಕೈ ಹೇಗಿದೆ ಕ್ರಿಸ್ಪೀನಕ್ಕ?"

"ಇದೆ. ತೋಳಿಗೆ ಅಂಟ್ಕೊಂಡಿದೆ, ಅಷ್ಟೆ."

"ತಟ್ಟೆಗೇನ್ ಮಾಡೋದು?"

"ಸಂತರು ದಾರಿ ತೋರಿಸ್ತಾರೆ. ದಿನಾ ಕೇಳ್ತಾ ಇದೀನಿ."

"ಸಂತರು ವೈದ್ಯರು ಅಂತ ಕೇಳಿದೀನಿ, ತಟ್ಟೆ ನುಡಿಸ್ತಾರೆ ಅಂತ ಕೇಳಿಲ್ಲ," ಎಂದು ಬೆರ್ತೊಲೀನೊ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. "ಫಿನ್ಲೆಂಡಿನೋಳು ಬರ್ತಿದಾಳಲ್ಲ, ಸಿರ್ಪಾ. ನನ್ನ ಮೊಮ್ಮಗಳ ಫೋನಿಗೆ ವರ್ಷಗಟ್ಟಲೆ ಬರೀತಿದ್ಲಲ್ಲ, ಅವಳೇ. ನಿನ್ನ ವಿಡಿಯೊ ನೋಡಿ ನೋಡೀನೇ ತಟ್ಟೆ ಕಲ್ತಿದಾಳಂತೆ. ಅವಳು ನುಡಿಸ್ಲಿ."

"ಅವಳು ಈ ಮನೆಯವಳಲ್ಲ."

"ಹದಿನೈದು ದಿನ ನಿಮ್ಮನೇಲೇ ಮಲಗ್ತಾಳೆ, ನಿಮ್ಮನೇಲೇ ಉಣ್ತಾಳೆ. ಇನ್ನೇನ್ ಬೇಕು?"

ಮರಿನಾಲ್ವ ತಲೆ ಎತ್ತದೆ, "ಹಾಗಾದ್ರೆ ನಮ್ಮನೆ ಬೆಕ್ಕೂ ನುಡಿಸ್ಬೋದು," ಎಂದಳು.

ಸಿರ್ಪಾ ಶನಿವಾರ ಬಂದಳು. ಐವತ್ತು ದಾಟಿದ ಎತ್ತರದ ಹೆಂಗಸು, ಹೆಲ್ಸಿಂಕಿಯಲ್ಲಿ ಟ್ರಾಮ್ ಓಡಿಸುವವಳು. ಬಸ್ಸಿನಿಂದ ಇಳಿಯುವಷ್ಟರಲ್ಲೇ ಬಿಸಿಲಿಗೆ ಸಿಗಡಿಯ ಬಣ್ಣಕ್ಕೆ ತಿರುಗಿದ್ದಳು. ಅವಳು ಈ ನಾಡಿನ ಭಾಷೆಯನ್ನು ಕಲಿತದ್ದು ಹಳೆಯ ಸಾಂಬಾ ಪದಗಳಿಂದಲೇ. ಹಾಗಾಗಿ ಹೊಸ್ತಿಲಲ್ಲಿ ನಿಂತು, ಎದೆಯ ಮೇಲೆ ಕೈಯಿಟ್ಟು, "ಮನೆಯೊಡತಿಯೇ, ಒಳಗೆ ಅಡಿಯಿಡಲು ಅಪ್ಪಣೆಯುಂಟೇ?" ಎಂದಳು.

ಮರಿನಾಲ್ವ ಬಾಗಿಲ ಹಿಂದೆ ಸರಿದು ಬಾಯಿ ಮುಚ್ಚಿಕೊಂಡಳು. ಕ್ರಿಸ್ಪೀನ ಮಾತ್ರ ನಗಲಿಲ್ಲ. ಅವಳ ಅಜ್ಜಿ ಮಾತಾಡುತ್ತಿದ್ದದ್ದು ಹೀಗೆಯೇ.

"ಬಾರಮ್ಮ. ಮೊದ್ಲು ನೀರು ಕುಡಿ, ಆಮೇಲೆ ಅಪ್ಪಣೆ."

ಸಂಜೆ ಬೆರ್ತೊಲೀನೊ ವಯೊಲ ತಂದ, ಇನ್ನಿಬ್ಬರು ಕಂಜೀರ ತಂದರು. ಸಿರ್ಪಾ ತನ್ನ ಚೀಲದಿಂದ ಟವೆಲಿನಲ್ಲಿ ಸುತ್ತಿದ್ದ ಬಿಳಿಯ ತಟ್ಟೆಯನ್ನೂ ಒಂದು ಚಾಕುವನ್ನೂ ತೆಗೆದಳು. ತಂತಿ ಮಿಡಿದದ್ದೇ ಕಣ್ಣು ಮುಚ್ಚಿ ನುಡಿಸತೊಡಗಿದಳು. ಕೈ ಗಟ್ಟಿಯಾಗಿತ್ತು, ಸದ್ದು ಸ್ವಚ್ಛವಾಗಿತ್ತು. ಆದರೆ ನಾಲ್ಕು ಸುತ್ತಿಗೊಮ್ಮೆ ಒಂದು ಪೆಟ್ಟು ಬೀಳಬೇಕಾದಲ್ಲಿ ಬೀಳದೆ, ಕುಂಟಿಕೊಂಡು ಮುಂದಕ್ಕೆ ಹಾರುತ್ತಿತ್ತು. ಕಂಜೀರದವರು ಒಬ್ಬರನ್ನೊಬ್ಬರು ನೋಡಿ ಮೀಸೆಯೊಳಗೆ ನಕ್ಕರು.

ಕ್ರಿಸ್ಪೀನ ತಲೆ ಬಗ್ಗಿಸಿ ಕೇಳುತ್ತಲೇ ಇದ್ದಳು. ನುಡಿಸಲು ಬಾರದೆ ತಪ್ಪುವ ಪೆಟ್ಟು ಒಂದೊಂದು ಸಲ ಒಂದೊಂದು ಕಡೆ ತಪ್ಪುತ್ತದೆ. ಇದು ಪ್ರತಿ ಸಲವೂ ಅದೇ ಜಾಗದಲ್ಲಿ ತಪ್ಪುತ್ತಿತ್ತು. ಯಾರೋ ಹೇಳಿಕೊಟ್ಟ ಹಾಗೆ.

"ಅದು ನಿಂಗೆ ಎಲ್ಲಿಂದ ಬಂತು ಮಗಳೆ, ಆ ಕುಂಟು?"

"ತಮ್ಮಿಂದಲೇ, ಒಡತಿಯೇ," ಎಂದು ಸಿರ್ಪಾ ಹೆಮ್ಮೆಯಿಂದ ಫೋನ್ ತೆಗೆದಳು. ಎಂಟು ವರ್ಷ ಹಳೆಯ ವಿಡಿಯೊ, ಇದೇ ಅಂಗಳ. ಕ್ರಿಸ್ಪೀನ ಅದನ್ನು ಯಾವತ್ತೂ ನೋಡಿರಲಿಲ್ಲ. ಈಗ ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ನಾಲ್ಕನೆಯ ಸುತ್ತಿಗೆ ಅವಳ ಚಾಕು ನಿಜಕ್ಕೂ ಹಾರಿತು. ಅವಳು ವಿಡಿಯೊದಲ್ಲಿನ ತನ್ನ ಬಲಗೈಯನ್ನೇ ದಿಟ್ಟಿಸಿದಳು. ಹೆಬ್ಬೆರಳಿಗೆ ಬಟ್ಟೆಯ ಚಿಂದಿ ಸುತ್ತಿತ್ತು.

"ಅಯ್ಯೊ ನನ್ನಪ್ಪ," ಎಂದು ಕ್ರಿಸ್ಪೀನ ಫೋನನ್ನು ಮಡಿಲಿಗೆ ಇಳಿಸಿದಳು. "ಅವತ್ತು ಬೆಳಿಗ್ಗೆ ಬೆಂಡೆಕಾಯಿ ಹೆಚ್ಚುವಾಗ ಬೆರಳು ಕುಯ್ಕೊಂಡಿದ್ದೆ. ಚಾಕು ಗಾಯಕ್ಕೆ ತಗಲ್ದಾಗೆಲ್ಲ ಕೈ ಹಾರ್ತಿತ್ತು. ಅದು ಸಾಂಬಾ ಅಲ್ಲ ಕಣೆ, ಅದು ನೋವು."

ಸಿರ್ಪಾಳ ಕೆಂಪು ಮುಖ ಇನ್ನೂ ಕೆಂಪಾಯಿತು.

"ನಾನು ಇದನ್ನು ನಲವತ್ತು ಮಂದಿಗೆ ಕಲಿಸಿದ್ದೇನೆ," ಎಂದಳು ನಿಧಾನವಾಗಿ.

"ನಲವತ್ತು?"

"ಪ್ರತಿ ಗುರುವಾರ. ಶಾಲೆಯೊಂದರ ನೆಲಮಾಳಿಗೆಯಲ್ಲಿ."

ಬೆರ್ತೊಲೀನೊ ವಯೊಲದ ಮೇಲೆ ಬಗ್ಗಿಬಿದ್ದ. ಭುಜ ಕುಲುಕುತ್ತಿತ್ತು. "ಕ್ರಿಸ್ಪೀನಕ್ಕ, ನಿನ್ನ ಒಂದು ಬೆರಳಿನ ಗಾಯಕ್ಕೆ ಅಲ್ಲಿ ಹಿಮದಲ್ಲಿ ನಲವತ್ತು ಜನ ಎಂಟು ವರ್ಷದಿಂದ ನರಳ್ತಾ ಇದಾರೆ." ಕೊನೆಗೆ ಸಿರ್ಪಾಳೂ ನಕ್ಕಳು, ನಕ್ಕು ಕಣ್ಣೊರೆಸಿಕೊಂಡಳು. ಮತ್ತೆ ತಟ್ಟೆ ಎತ್ತಿಕೊಂಡು ಸರಿಯಾಗಿ ನುಡಿಸಲು ನೋಡಿದಳು. ಕೈ ಕೇಳಲಿಲ್ಲ, ಅಲ್ಲಿಗೆ ಬಂದೊಡನೆ ಹಾರಿತು. ಇನ್ನೊಮ್ಮೆ ನೋಡಿದಳು. ಮತ್ತೆ ಹಾರಿತು.

ಮರಿನಾಲ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಐದನೆಯ ಸಲಕ್ಕೆ ಅವಳಿಗೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗಾಯಿತು. ಬಂದವಳೇ, "ಕೊಡಿಲ್ಲಿ," ಎಂದು ಸಿರ್ಪಾಳ ತಟ್ಟೆ ತೆಗೆದುಕೊಂಡಳು. "ಹೀಗೆ. ಕೆರೆದು, ಬಿಟ್ಟು, ಕೆರೆದು, ಕೆರೆದು. ಇಲ್ಲಿ ಉಸಿರು ಬಿಡ್ಬೇಕು. ಹಾರೋದಲ್ಲ, ಕೂರೋದು."

ಬೆರ್ತೊಲೀನೊನ ಬೆರಳುಗಳು ತಾವಾಗಿಯೇ ತಂತಿಗೆ ಹೋದವು. ಕ್ರಿಸ್ಪೀನಳ ಕೈಯಲ್ಲಿದ್ದ ರಬ್ಬರ್ ಚೆಂಡು ಜಾರಿ ಅಂಗಳಕ್ಕೆ ಉರುಳಿತು. ಅವಳ ತಾಯಿ ನುಡಿಸುತ್ತಿದ್ದ ಗತಿ ಅದು, ತನ್ನದಕ್ಕಿಂತ ಒಂದು ಕೂದಲೆಳೆ ನಿಧಾನ. ಆ ಅಜ್ಜಿಯನ್ನು ಈ ಹುಡುಗಿ ಕಂಡವಳೇ ಅಲ್ಲ.

ಮುಗಿದ ಮೇಲೆ ಕ್ರಿಸ್ಪೀನ ಕೇಳಿದಳು, "ಎಲ್ಲಿ ಕಲ್ತೆ ನೀನು?"

"ಎಲ್ಲಿ ಅಂದ್ರೆ? ಹುಟ್ಟಿದಾಗ್ನಿಂದ ಈ ಮನೇಲೇ ಇದೀನಿ ದೊಡ್ಡಮ್ಮ. ಕಿವಿಗೆ ಹತ್ತಿ ಇಟ್ಕೊಂಡಿದ್ನಾ?"

"ಮತ್ತೆ ಒಂದಿನಾನೂ ಮುಟ್ಲಿಲ್ಲ."

"ಮುಟ್ಟಿದ್ದೆ. ಹನ್ನೊಂದು ವರ್ಷ ಆಗ. ಕೆಳಗಿಡು, ಒಡೆದಾಕ್ತೀಯ ಅಂದೆ. ಕೆಳಗಿಟ್ಟೆ." ಮರಿನಾಲ್ವ ಬಿಳಿಯ ತಟ್ಟೆಯನ್ನು ಸಿರ್ಪಾಳಿಗೆ ಹಿಂದಿರುಗಿಸಿ, "ಒಲೆ ಮೇಲೆ ಸಾರಿದೆ," ಎಂದು ಒಳಗೆ ಹೋದಳು.

ಕ್ರಿಸ್ಪೀನಳಿಗೆ ಆ ದಿನ ನೆನಪಿರಲಿಲ್ಲ. ಅದೇ ಅವಳನ್ನು ಹೆಚ್ಚು ಚುಚ್ಚಿತು. ಆಡಿದವಳಿಗೆ ನೆನಪೂ ಉಳಿಯದ ಮಾತೊಂದು ಇನ್ನೊಬ್ಬಳ ಕೈಯನ್ನು ಇಪ್ಪತ್ತಮೂರು ವರ್ಷ ಕಟ್ಟಿಹಾಕಿತ್ತು. ಕಡಲಾಚೆಯ ಹೆಂಗಸಿಗೆ ಕೆಳಗಿಡು ಎನ್ನಲು ಅಲ್ಲಿ ಯಾರೂ ಇರಲಿಲ್ಲ. ಅವಳು ತಪ್ಪನ್ನಾದರೂ ಕಲಿತಳು.

ಇಪ್ಪತ್ತೇಳಕ್ಕೆ ಇನ್ನು ಮೂರು ದಿನ ಉಳಿಯಿತು, ಆಮೇಲೆ ಎರಡು. ಮರಿನಾಲ್ವ ತಟ್ಟೆಯ ಸುದ್ದಿ ಎತ್ತಲಿಲ್ಲ. ಬೆರ್ತೊಲೀನೊ ಒಮ್ಮೆ ಮೆಲ್ಲಗೆ ಕೇಳಿದ್ದಕ್ಕೆ, "ಹರಕೆ ಹೊತ್ತೋರು ನನ್ನ ಕೇಳಿಲ್ಲ ಅಣ್ಣ," ಎಂದು ಬುಟ್ಟಿ ಹೊತ್ತು ಕೆಸರಿಗೆ ಇಳಿದಳು. ಕ್ರಿಸ್ಪೀನ ಎಂದಿನಂತೆ ಸಂತರ ಗೂಡಿನ ಮುಂದೆ ದೀಪ ಹಚ್ಚಿ ಬೇಡಿದಳು. ಬೇಡುತ್ತ ಬೇಡುತ್ತ ನಾಚಿಕೆಯಾಯಿತು. ಜೂನ್‌ನಿಂದ ಇದೇ ಬೇಡಿಕೆ. ಅವರು ಕೊಟ್ಟು ಮೂವತ್ತನಾಲ್ಕು ವರ್ಷವಾಗಿತ್ತು. ಕೊಟ್ಟದ್ದನ್ನು ಪಕ್ಕದ ಕೋಣೆಯಲ್ಲಿಟ್ಟುಕೊಂಡು ಮತ್ತೆ ಅವರನ್ನೇ ಕಾಡುತ್ತಿದ್ದಳು. ಸಂತರನ್ನು ಕೇಳುವುದು ಅವಳಿಗೆ ರೂಢಿಯಾಗಿತ್ತು. ಮನೆಯ ಮಗಳನ್ನು ಕೇಳಿ ರೂಢಿಯಿರಲಿಲ್ಲ.

ಹಬ್ಬದ ಬೆಳಿಗ್ಗೆ ಮರಿನಾಲ್ವ ಮತ್ತು ಸಿರ್ಪಾ ಅಂಗಳದಲ್ಲಿ ಬೆಂಡೆಕಾಯಿಯ ರಾಶಿಯ ಮುಂದೆ ಕೂತಿದ್ದರು. ತಾಳೆ ಎಣ್ಣೆ ಕಾಯುತ್ತಿತ್ತು, ಒಣಸಿಗಡಿಯ ವಾಸನೆ ಬೀದಿಯ ತನಕ ಹೋಗಿತ್ತು.

"ಸಣ್ಣಕೆ ಹೆಚ್ಚಿ," ಎನ್ನುತ್ತಿದ್ದಳು ಮರಿನಾಲ್ವ. "ಬೆರಳು ಜೋಪಾನ. ಆಮೇಲೆ ನಿಮ್ಮೂರಲ್ಲಿ ಇನ್ನೂ ನಲವತ್ತು ಜನ ಕುಂಟ್ತಾರೆ."

ಕ್ರಿಸ್ಪೀನ ಒಳಗಿನಿಂದ ಬಂದಳು. ಸಂತರ ಗೂಡಿನಲ್ಲಿದ್ದ ಪಿಂಗಾಣಿ ತಟ್ಟೆಯನ್ನು ಎಡಗೈಯಲ್ಲಿ ಎದೆಗೆ ಒತ್ತಿ ಹಿಡಿದಿದ್ದಳು. ಕಷ್ಟಪಟ್ಟು ಬಗ್ಗಿ ಅದನ್ನು ಮರಿನಾಲ್ವಳ ಮಡಿಲಿಗೆ, ಬೆಂಡೆಕಾಯಿಯ ತೊಟ್ಟುಗಳ ಮೇಲೆ ಇಟ್ಟಳು.

"ಇವತ್ತು ನೀನು ನುಡಿಸ್ತೀಯಾ? ಕೇಳ್ತಾ ಇದೀನಿ ಮಗಳೆ. ಹೇಳ್ತಾ ಇಲ್ಲ."

ಮರಿನಾಲ್ವಳ ಕೈಗೆ ಬೆಂಡೆಯ ಲೋಳೆ ಮೆತ್ತಿತ್ತು. ಅವಳು ತಟ್ಟೆ ಮುಟ್ಟಲಿಲ್ಲ.

"ಕೈ ಜಾರ್ತಿದೆ. ಬಿದ್ರೆ?"

"ಬಿದ್ರೆ ಬೀಳ್ಲಿ. ಅಮ್ಮ ಇದನ್ನ ಸಂತೇಲಿ ತಂದಿದ್ದು. ಸಂತೆ ಇನ್ನೂ ಸೇರುತ್ತೆ."

"ನಿನ್ನ ಹಾಗೆ ಬರಲ್ಲ ನಂಗೆ."

"ಬರೋದು ಬೇಡ. ನಾನೂ ನಮ್ಮಮ್ಮನ ಹಾಗೆ ಬರ್ಲಿ ಅಂತಾನೇ ಇಷ್ಟು ವರ್ಷ ನುಡಿಸ್ದೆ, ಬರ್ಲಿಲ್ಲ. ನಿಂಗೆ ಬಂದಿದೆ." ಎಂದಳು ಕ್ರಿಸ್ಪೀನ. "ಅವತ್ತು ಅಂದಿದ್ದು ತಪ್ಪಾಯ್ತು."

ಮರಿನಾಲ್ವ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ಒಂದು ಸಲ ಸಾಲದೆಂದು ಇನ್ನೊಂದು ಸಲ ಒರೆಸಿಕೊಂಡು, ತಟ್ಟೆಯನ್ನು ಎತ್ತಿಕೊಂಡಳು.

ಮಧ್ಯಾಹ್ನ ಸಂಪ್ರದಾಯದಂತೆ ಮೊದಲು ಏಳು ಮಕ್ಕಳು ಒಂದೇ ಬೋಗುಣಿಯ ಸುತ್ತ ಕೂತು ಕೈಯಲ್ಲಿ ಉಂಡರು, ಮೂಗಿನ ತನಕ ಎಣ್ಣೆ ಮಾಡಿಕೊಂಡರು. ಆಮೇಲೆ ಉಳಿದವರಿಗೆ ಊಟ. ಬಿಸಿಲು ತುಸು ತಗ್ಗಿದಾಗ ಬೆರ್ತೊಲೀನೊ ತಂತಿ ಬಿಗಿದ. ಅವನ ಪಕ್ಕದ ಕುರ್ಚಿಯಲ್ಲಿ ಮರಿನಾಲ್ವ ಕೂತಳು, ಅವಳ ಪಕ್ಕದಲ್ಲಿ ಸಿರ್ಪಾ. ಸಿರ್ಪಾಳ ಕೈಗೆ ಬೆರ್ತೊಲೀನೊ ಒಂದಕ್ಕೊಂದು ಬಡಿದು ತಾಳ ಹಾಕುವ ಎರಡು ಪುಟ್ಟ ಮರದ ಹಲಗೆ ಕೊಟ್ಟಿದ್ದ. "ಇದರಲ್ಲಿ ಗಾಯದ ನೆನಪಿಲ್ಲ, ಹೊಸದಾಗಿ ಶುರು ಮಾಡು," ಎಂದಿದ್ದ. ಅವಳು ಮರಿನಾಲ್ವಳ ಮಣಿಕಟ್ಟನ್ನೇ ನೋಡುತ್ತ ತಾಳ ಹಿಡಿದಿದ್ದಳು.

ಗಂಡಸರಿಬ್ಬರು ಪದ ಎತ್ತಿಕೊಂಡರು. ಹಾಡು ಮುಗಿಯುವ ತನಕ ಯಾರೂ ವೃತ್ತದೊಳಗೆ ಕಾಲಿಡುವಂತಿಲ್ಲ. ಹಾಡು ನಿಂತು ತಂತಿಯೂ ತಟ್ಟೆಯೂ ಮಾತ್ರ ಉಳಿದಾಗ ಒಬ್ಬೊಬ್ಬಳೇ ಬರಬೇಕು. ತಟ್ಟೆ ಮೊದಲಲ್ಲಿ ಸ್ವಲ್ಪ ಅಂಜಿತು, ಎರಡನೆಯ ಸುತ್ತಿಗೆ ಕೂತಿತು. ನೆರೆಮನೆಯ ಹೆಂಗಸೊಬ್ಬಳು ಕುಣಿದು ಬಂದು, ಮುಂದಿನವರನ್ನು ಕರೆಯುವ ರೂಢಿಯಂತೆ, ಕ್ರಿಸ್ಪೀನಳ ಹೊಟ್ಟೆಗೆ ಹೊಟ್ಟೆ ತಾಗಿಸಿ ಪಕ್ಕಕ್ಕೆ ಸರಿದಳು.

ಕ್ರಿಸ್ಪೀನ ಹಿಂದೆ ಮುಂದೆ ನೋಡಿದಳು. ಹರಕೆಯ ಈ ಅಂಗಳದಲ್ಲಿ ಅವಳು ಒಂದು ವರ್ಷವೂ ಕುಣಿದಿರಲಿಲ್ಲ. ಎರಡು ಕೈಯೂ ತಟ್ಟೆಗೆ ಮೀಸಲಾಗಿದ್ದ ಅವಳನ್ನು ಯಾರೂ ಕರೆದಿರಲಿಲ್ಲ.

"ದೊಡ್ಡಮ್ಮ, ಕಾಲು ಸರಿಯಾಗಿದೆ ಅಂತ ನರ್ಸೇ ಹೇಳಿದಾಳೆ," ಎಂದಳು ಮರಿನಾಲ್ವ, ಚಾಕು ನಿಲ್ಲಿಸದೆ.

ಅಷ್ಟರಲ್ಲಿ ಗಂಡಸರು ಮುಂದಿನ ಪದ ಎತ್ತಿದ್ದರು. ಕ್ರಿಸ್ಪೀನ ಎಡಗೈಯಲ್ಲಿ ಲಂಗದ ಅಂಚು ಹಿಡಿದು, ವೃತ್ತದ ಗೆರೆಯಲ್ಲಿ ನಿಂತು, ಹಾಡು ಮುಗಿಯುವುದನ್ನೇ ಕಾದಳು.