ಸೆಕೆಂಡ್ ಮುಳ್ಳಿನ ಚಕ್ರ

ಅಂದು ಬೆಳಿಗ್ಗೆ ನಮ್ಮ ಮನೆಯವರು ರೊಟ್ಟಿ ತಿನ್ನುತ್ತಾ ಒಂದು ಪುಟ್ಟ ಸೀಸೆ ಇದೆಯೇ ಎಂದು ಕೇಳಿದರು. ಮುಚ್ಚಳ ಗಟ್ಟಿಯಾಗಿರಬೇಕು, ಅಂಗಿಯ ಜೇಬಿನಲ್ಲಿ ಹಿಡಿಸಬೇಕು. ನನ್ನ ಮಂಡಿನೋವಿಗೆ ತಂದಿದ್ದ ಹೋಮಿಯೋಪತಿ ಮಾತ್ರೆಯ ಸೀಸೆ ಖಾಲಿಯಾಗಿತ್ತು. ಒಳಗೆ ಒರೆಸಿ, ಚೂರು ಹತ್ತಿ ಹಾಕಿ ಕೊಟ್ಟೆ. ಅವರು ಮೇಜಿನ ಮೇಲಿದ್ದ ಒಂದು ಚಕ್ರವನ್ನು ಚಿಮಟದಲ್ಲಿ ಎತ್ತಿ ಹತ್ತಿಯ ಮೇಲಿಟ್ಟರು. ಹೆಸರುಕಾಳಿನಷ್ಟು ಅಗಲದ ಹಿತ್ತಾಳೆ ಚಕ್ರ. ಅದರ ಅಚ್ಚಿನ ತುದಿ ಮುರಿದಿತ್ತಂತೆ, ಅದೇ ಅಳತೆಯದು ತರಬೇಕಂತೆ. ನನಗೆ ಮುರಿದದ್ದು ಕಾಣಿಸಲಿಲ್ಲ.

"ಇಷ್ಟಕ್ಕೆ ಶಿವಮೊಗ್ಗಕ್ಕೆ ಹೋಗ್ಬೇಕಾ?" ಎಂದೆ.

"ಹೋಗ್ಬೇಕು. ನಿಮ್ಮ ಸೊರಬದವ್ರ ವಾಚು. ಕೆಟ್ರೆ ನೀ ಬಿಡ್ತೀಯೇನು ನನ್ನ?"

"ನಮ್ಮೂರಿನವ್ರಾದ್ರೆ ಎಂತ? ನಂಗೆ ಅವ್ರ ಗುರ್ತೇ ಇಲ್ಲ."

"ಬಂತು ನೋಡು ಎಂತ! ಮದುವಿಯಾಗಿ ಇಷ್ಟು ವರ್ಷ ಶಿಕಾರಿಪುರದ ನೀರು ಕುಡಿದ್ರೂ ಅದೊಂದು ಹೋಗ್ಲಿಲ್ಲ" ಎಂದು ನಕ್ಕರು.

ಬಸ್ಸು ತಪ್ಪುತ್ತದೆಂದು ಚಹಾ ಅರ್ಧಕ್ಕೆ ಬಿಟ್ಟರು. ಸೀಸೆಯನ್ನು ಜೇಬಿಗೆ ಹಾಕಿ ಮೇಲಿಂದ ತಟ್ಟಿ ನೋಡಿಕೊಂಡರು. ಬರುವಾಗ ಏನು ತರಲಿ ಎಂದರು. ಏನೂ ಬೇಡ ಎಂದೆ. ಅವರು ಬಿಟ್ಟ ಚಹಾವನ್ನು ನಾನೇ ಕುಡಿದು ಲೋಟ ತೊಳೆದಿಟ್ಟೆ. ನಮ್ಮ ಮನೆಯ ಕೊನೆಯ ಮಾಮೂಲಿ ದಿನ ಶುರುವಾದದ್ದು ಹೀಗೆ.

ಅವರು ವಾಚು ರಿಪೇರಿ ಮಾಡುತ್ತಿದ್ದರು. ಮೊದಲು ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ ಇತ್ತು. ಬರಬರುತ್ತಾ ಸೆಲ್ಲು ಹಾಕಿಸಿಕೊಳ್ಳುವವರು ಮಾತ್ರ ಬರತೊಡಗಿದರು, ಆಮೇಲೆ ಅವರೂ ಕಡಿಮೆಯಾದರು. ಅಂಗಡಿ ಬಿಟ್ಟು ಮೇಜನ್ನು ಮನೆಯ ಪಡಸಾಲೆಗೆ ತಂದರು. ನಾದಿನಿ ನಮ್ಮ ಬೀದಿಯಲ್ಲೇ ಇದ್ದಾಳೆ, ಮಾತು ಜೋರು. "ಅಣ್ಣಾ, ಊರಿನ ಮಂದಿಗೆ ಟೈಮು ಬ್ಯಾಡಾಗೈತಿ. ಹೊರಗಿನವ್ರನ್ನ ಕೇಳು" ಎಂದು ಮೊಬೈಲಿನಲ್ಲಿ ಅವರ ಕೆಲಸಕ್ಕೊಂದು ಪೇಜ್ ಮಾಡಿಕೊಟ್ಟಳು. ಮುಖ ನೋಡದೆ ಯಾರು ವಾಚು ಕಳಿಸುತ್ತಾರೆ ಎಂದು ಅವರು ನಂಬಿರಲಿಲ್ಲ. ಆದರೆ ಕಳಿಸಿದರು. ಬಂದವೆಲ್ಲ ಕೀ ಕೊಡುವ ಹಳೆಯ ವಾಚುಗಳು. ಅಪ್ಪನದು, ಮಾವನದು, ತೀರಿಕೊಂಡ ಅಣ್ಣನದು. ಹೊಸ ವಾಚು ಯಾರೂ ಕಳಿಸುತ್ತಿರಲಿಲ್ಲ.

ಮೊದಮೊದಲಿಗೆ ಹುಬ್ಬಳ್ಳಿಯ ಒಬ್ಬರಿಂದ ಒಂದು ಪೆಟ್ಟು ಬಿತ್ತು. ಅವರ ವಾಚು ಒಳಗೆಲ್ಲ ಜಿಡ್ಡು ಹಿಡಿದು ಕಪ್ಪಾಗಿತ್ತು. ಇವರು ಬಿಚ್ಚಿ ತೊಳೆದು, ಎಣ್ಣೆ ಬಿಟ್ಟು, ಫಳಫಳ ಮಾಡಿ ಕಳಿಸಿದರು. ಅವರು ಹಿಂದಿನ ಮುಚ್ಚಳ ತೆಗೆಸಿ ನೋಡಿ, ನನ್ನಪ್ಪನ ಮಷೀನು ಇಟ್ಟುಕೊಂಡು ಬೇರೆ ಮಷೀನು ಹಾಕಿದ್ದಾರೆ ಎಂದು ಪೇಜಿನಲ್ಲಿ ಎಲ್ಲರಿಗೂ ಕಾಣುವಂತೆ ಬರೆದರು. ಅಷ್ಟು ಸ್ವಚ್ಛವಾದದ್ದು ತಮ್ಮದಾಗಿರಲಾರದು ಎನ್ನಿಸಿತ್ತು ಅವರಿಗೆ. ಇವರು ಅಂದು ಊಟ ಮಾಡಲಿಲ್ಲ. ಜಗಳವನ್ನೂ ಆಡಲಿಲ್ಲ. "ಅವ್ರು ನನ್ನ ಕೈ ನೋಡಿಲ್ಲಲ್ಲ, ಅವ್ರಿಗೆ ಹೆಂಗ್ ಗೊತ್ತಾಗ್ಬೇಕು" ಎಂದರು.

ಅಲ್ಲಿಂದ ಒಂದು ಪದ್ಧತಿ ಮಾಡಿಕೊಂಡರು. ಪಾರ್ಸೆಲ್ಲಿಗೆ ಕತ್ತರಿ ಹಾಕುವ ಮೊದಲು ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸುವುದು. ತೋಳು ಮೇಲೆ ಮಡಚಿ, ಎರಡೂ ಕೈ ಕಾಣುವಂತೆ ಇಟ್ಟು, ಯಾವ ಊರಿನ ವಾಚು ಎಂದು ಹೇಳುವುದು. ಬಿಚ್ಚುತ್ತಾ ಒಂದೊಂದನ್ನೂ ತೋರಿಸುವುದು. ಕೊನೆಯವರೆಗೆ ವಿಡಿಯೋ ಕಟ್ ಮಾಡಬಾರದು, ಅದನ್ನು ವಾಚಿನವರಿಗೇ ಕಳಿಸಬೇಕು. ವಾಚಿನಿಂದ ತೆಗೆದ ಹಳೆಯ ಭಾಗ ಎಷ್ಟೇ ಕೆಟ್ಟಿರಲಿ, ಪುಟ್ಟ ಕವರಿಗೆ ಹಾಕಿ ವಾಚಿನ ಜೊತೆ ವಾಪಸು ಕಳಿಸಬೇಕು. ಮುರಿದ ಸ್ಪ್ರಿಂಗು ಯಾರಿಗೆ ಬೇಕು ಎಂದು ನಾನು ಕೇಳಿದ್ದೆ. "ಅವ್ರದು ಅದು. ಬಿಸಾಕೋದಿದ್ರೆ ಅವ್ರೇ ಬಿಸಾಕ್ಲಿ" ಎಂದಿದ್ದರು. ಹುಬ್ಬಳ್ಳಿಯವರು ಆ ವಿಡಿಯೋಗಳ ಬಗ್ಗೆ ಉಳಿದವರು ಪೇಜಿನಲ್ಲಿ ಬರೆದದ್ದನ್ನು ಒಂದಷ್ಟು ದಿನ ಓದಿ, ತಾವು ಬರೆದದ್ದನ್ನು ತಾವೇ ಅಳಿಸಿ, ತಮ್ಮ ಕಾಕಾನ ವಾಚು ಕಳಿಸಿದರು.

ಪಡಸಾಲೆಯ ಹಿಂದೆಯೇ ನಮ್ಮ ಅಡಿಗೆಮನೆ. ಅವರು ಅತ್ತ ವಿಡಿಯೋ ಮಾಡುವಾಗ ಇತ್ತ ಕುಕ್ಕರು ಕೂಗುತ್ತಿತ್ತು, ನಾನು ಕೂಗುತ್ತಿದ್ದೆ. ಎಲ್ಲ ಅದರೊಳಗೆ ಸೇರಿಕೊಳ್ಳುತ್ತಿತ್ತು. ನನಗೆ ನಾಚಿಕೆ. ಅಷ್ಟು ಭಾಗ ತೆಗೆದು ಹಾಕಿರಿ ಎಂದು ಎಷ್ಟು ಸಲ ಹೇಳಿದರೂ ಕೇಳಲಿಲ್ಲ. "ಕಟ್ ಮಾಡಿದ್ರೆ ಆ ಟೈಮಿಗೆ ಮಷೀನು ಬದಲಿ ಮಾಡ್ದ ಅಂತಾರೆ. ಕೂಗು ನೀನು, ಚಿಂತಿಲ್ಲ" ಎನ್ನುತ್ತಿದ್ದರು.

ಅಂದು ಮಧ್ಯಾಹ್ನ ಶಿವಮೊಗ್ಗದ ಬಸ್‌ಸ್ಟ್ಯಾಂಡಿನಿಂದ ಯಾರೋ ಕಂಡಕ್ಟರು ಅವರ ಪರ್ಸಿನಲ್ಲಿದ್ದ ನಂಬರು ನೋಡಿ ಫೋನು ಮಾಡಿದರು. ಬಸ್ಸು ಹತ್ತುವಾಗ ಕುಸಿದು ಬಿದ್ದರು, ಆಸ್ಪತ್ರೆಗೆ ಒಯ್ಯುತ್ತಿದ್ದೇವೆ ಎಂದರು. ನಾನೂ ನಾದಿನಿಯೂ ಹೋಗಿ ಮುಟ್ಟುವುದರೊಳಗೆ ಮುಗಿದಿತ್ತು. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಅವರ ಅಂಗಿ, ಪರ್ಸು, ಒಡೆದ ಫೋನು, ಕೈಯ ವಾಚು ಕೊಟ್ಟರು. ವಾಚು ನಡೆಯುತ್ತಿತ್ತು. ಸೀಸೆಯ ನೆನಪು ಅಂದು ನನಗೆ ಬರಲಿಲ್ಲ.

ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೋದ ಮೇಲೆ ಮೇಜಿನ ಹತ್ತಿರ ಹೋದೆ. ಬಿಚ್ಚಿದ ವಾಚುಗಳು ಒಂದೊಂದು ಗಾಜಿನ ಮುಚ್ಚಳದ ಕೆಳಗೆ ಹಾಗೇ ಇದ್ದವು. ಯಾವುದರ ಮೇಲೂ ಚೀಟಿ ಇರಲಿಲ್ಲ. ಅವರಿಗೆ ಚೀಟಿ ಬೇಕಿರಲಿಲ್ಲ. ಯಾವುದು ಯಾರದೆಂದು ಮರೆತರೆ ಫೋನಿನಲ್ಲಿ ವಿಡಿಯೋ ನೋಡಿಕೊಳ್ಳುತ್ತಿದ್ದರು. ಆ ಫೋನು ಸತ್ತಿತ್ತು. ರಿಪೇರಿಯವರು ಒಳಗಿನದು ಏನೂ ಸಿಗುವುದಿಲ್ಲ ಎಂದರು.

ನಾದಿನಿ ಆ ಸಿಮ್ಮನ್ನು ತನ್ನ ಹಳೆಯ ಫೋನಿಗೆ ಹಾಕಿ ತಂದಳು. ಆನ್ ಮಾಡಿದ ಕೂಡಲೇ ಮೆಸೇಜುಗಳು ಬಂದವು. ಸರ್, ವಾಚು ಆಯ್ತಾ? ಸರ್, ಫೋನ್ ಯಾಕೆ ಹತ್ತುತ್ತಿಲ್ಲ? ಒಬ್ಬರು ಮಾತ್ರ, ಆರಾಮಾಗಿದೀರಾ ಸರ್ ಎಂದು ಕೇಳಿದ್ದರು.

"ಅತ್ತಿಗೆ, ಒಂದಾದ್ರೂ ವಾಚು ಹೆಚ್ಚುಕಮ್ಮಿ ಆದ್ರೆ, ಸಾಯೋಕೆ ಮುಂಚೆ ಮಾರ್ಕೊಂಡ ಅಂತಾರೆ ನಮ್ಮಣ್ಣನ್ನ" ಎಂದಳು ನಾದಿನಿ. ಅವಳು ಅತ್ತದ್ದನ್ನು ನಾನು ಆಸ್ಪತ್ರೆಯಲ್ಲೂ ನೋಡಿರಲಿಲ್ಲ, ಆಗ ನೋಡಿದೆ. ಆ ವಾಚುಗಳೆಲ್ಲ ಅವರವರ ಮನೆ ಸೇರಬೇಕು, ತೆಗೆದ ಭಾಗವೂ ಸೇರಬೇಕು. ಬೇರೆ ಯಾವ ಯೋಚನೆಯೂ ನನಗೆ ಹೊಳೆಯದಿದ್ದ ದಿನಗಳಲ್ಲಿ ಇದೊಂದೇ ಹೊಳೆಯುತ್ತಿತ್ತು.

ಮುಗಿದು ಡಬ್ಬಿಗೆ ಹಾಕಿ, ವಿಳಾಸ ಬರೆದಿಟ್ಟದ್ದು ಒಂದೇ ಒಂದು ಇತ್ತು, ಹುಬ್ಬಳ್ಳಿಯವರ ಕಾಕಾನದು. ನಮ್ಮ ಮನೆಯವರ ಪದ್ಧತಿಯಂತೆ ನಾನು ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ವಾಚು ತೋರಿಸಿ, ಡಬ್ಬಿಗೆ ಟೇಪು ಸುತ್ತಿ, ಆ ವಿಡಿಯೋ ಕಳಿಸಿದೆ. ಕೂಡಲೇ ಹುಬ್ಬಳ್ಳಿಯಿಂದ ಫೋನು ಬಂತು.

"ಯಾರ್ರೀ ನೀವು? ಸರ್ ಎಲ್ಲದಾರ? ಈ ಕೈ ಅವರವಲ್ಲ."

"ನಾನು ಅವರ ಮನೆಯವಳು" ಎಂದು ಹೇಳಿ, ನಡೆದದ್ದನ್ನು ಹೇಳಿದೆ.

"ಅಕ್ಕಾರ, ನಾ ಅವರ ಬಗ್ಗೆ ಏನೇನೋ ಬರದಿದ್ದೆ. ಒಂದ್ ಮಾತು ಬೈಲಿಲ್ಲ ನೋಡ್ರೀ ನನ್ನ." ಆಮೇಲೆ, "ಉಳಿದೋರಿಗೆ ಹೇಳೀರೇನು?" ಎಂದರು.

ಯಾವುದು ಯಾರದೆಂದೇ ಗೊತ್ತಿಲ್ಲ, ವಿಡಿಯೋ ಇದ್ದ ಫೋನು ಹೋಯಿತು ಎಂದೆ.

"ನಮ್ಮ ಕಡೆ ಅದಾವಲ್ರೀ! ಅವರು ಎಲ್ಲಾರಿಗೂ ಕಳಿಸ್ಯಾರ. ವಾಪಸ್ ಕೇಳ್ರಿ, ಕೊಡ್ತಾರ."

ನಾದಿನಿ ಎಲ್ಲರಿಗೂ ಬರೆದಳು. ಒಂದೊಂದಾಗಿ ವಿಡಿಯೋಗಳು ಬರತೊಡಗಿದವು. ಯಾರೂ ನಮ್ಮನ್ನು ಅನುಮಾನಿಸಲಿಲ್ಲ. ಗುರುತಿಲ್ಲದ ಊರುಗಳಿಂದ ನಮ್ಮ ಪಡಸಾಲೆಯೇ ನಮಗೆ ವಾಪಸು ಬರುತ್ತಿತ್ತು. ಮೊದಲನೆಯದನ್ನು ಪೂರ್ತಿ ನೋಡಲು ನನಗೆ ಆಗಲಿಲ್ಲ. ನಾದಿನಿ ಸೌಂಡು ಬಂದ್ ಮಾಡಿದಳು. ಬೇಡ, ಇರಲಿ ಎಂದೆ. ಅವರ ಸ್ವರ ಊರಿನ ಹೆಸರು ಹೇಳುತ್ತಿತ್ತು, ಕೈಗಳು ಮುಚ್ಚಳ ತಿರುಗಿಸುತ್ತಿದ್ದವು. ನಾವು ಗಾಜಿನ ಕೆಳಗಿನದನ್ನು ಅದಕ್ಕೆ ಹೋಲಿಸಿ ಚೀಟಿ ಅಂಟಿಸುತ್ತಾ ಹೋದೆವು.

ಶಿವಮೊಗ್ಗದಲ್ಲಿ ಹಳೆಯ ವಾಚಿನ ಭಾಗ ಮಾರುವ ಹಿರಿಯರೊಬ್ಬರಿದ್ದಾರೆ. ಅಂದು ಇವರು ಹೋಗಿದ್ದು ಅವರ ಅಂಗಡಿಗೇ. ಅವರು ಮಾತಾಡಿಸಲು ಬಂದವರು ಮೇಜಿನ ಮುಂದೆ ಕೂತು, ಜೋಡಿಸಬಹುದಾದದ್ದನ್ನೆಲ್ಲ ಜೋಡಿಸಿಕೊಟ್ಟರು. ಕೊನೆಗೆ ಉಳಿದದ್ದು ಸೊರಬದ್ದು.

"ಇದರ ಸೆಕೆಂಡ್ ಮುಳ್ಳಿನ ಚಕ್ರ ಎಲ್ಲಮ್ಮ?" ಎಂದರು.

ಆಗ ನನಗೆ ಸೀಸೆ ನೆನಪಾಯಿತು. ಅಂದು ನಿಮ್ಮಲ್ಲಿಗೇ ತಂದಿದ್ದರಲ್ಲ ಎಂದೆ.

"ನನ್ ಹತ್ರ ಅಳತೆಗೆ ಸರಿಯಾದ್ದು ಸಿಗ್ಲಿಲ್ಲ. ಹುಡುಕಿಡಿ, ಮುಂದಿನ ವಾರ ಬರ್ತೀನಿ ಅಂದ. ಸೀಸೆ ಜೇಬಿಗೆ ಹಾಕ್ಕೊಂಡಿದ್ದು ನಾನೇ ನೋಡೀನಿ" ಎಂದರು.

ಆಸ್ಪತ್ರೆಯ ಕವರನ್ನು ಸುರುವಿದೆ. ಅಂಗಿಯ ಜೇಬಿನ ಹೊಲಿಗೆಯವರೆಗೆ ಬೆರಳಾಡಿಸಿದೆ. ಮಾರನೆಯ ದಿನ ಶಿವಮೊಗ್ಗಕ್ಕೆ ಹೋಗಿ ಬಸ್ಸು ನಿಲ್ಲುವ ಜಾಗದಲ್ಲಿ ಹುಡುಕಿದೆ. ಕಸ ಗುಡಿಸುವ ಹೆಂಗಸು ನನ್ನ ಜೊತೆ ತಾನೂ ಬಗ್ಗಿ ನೋಡಿದಳು. "ಬಂಗಾರದ್ದಾ ಅಕ್ಕಾ?" ಎಂದು ಕೇಳಿದಳು. ಅಲ್ಲ ಎಂದೆ. ಆದರೂ ಹುಡುಕಿದಳು. ಆಸ್ಪತ್ರೆಯಲ್ಲೂ ಕೇಳಿದೆ. ಇಲ್ಲ ಎಂದರು.

ಉಳಿದ ವಾಚುಗಳನ್ನೆಲ್ಲ ಕೊರಿಯರಿಗೆ ಹಾಕಿ, ಸೊರಬದ್ದನ್ನು ಕೈಯಲ್ಲಿ ಹಿಡಿದು ನಾನೇ ಹೊರಟೆ. ತವರಿನ ದಾರಿ. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಪ್ರತಿ ಸಲವೂ ಅವರು ಇಳಿದು ನನಗೆ ಮಂಡಕ್ಕಿ ತರುತ್ತಿದ್ದರು. ಈ ಸಲ ಕಿಟಕಿಯ ಹೊರಗೆ ನೋಡಲಿಲ್ಲ.

ವಾಚಿನ ಯಜಮಾನ್ತಿ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು, ವಯಸ್ಸಾದವರು. ಅವರ ತಾಯಿ ನರ್ಸಾಗಿದ್ದರಂತೆ. ರೋಗಿಗಳ ನಾಡಿ ಎಣಿಸುತ್ತಿದ್ದುದು ಇದೇ ವಾಚಿನ ಸೆಕೆಂಡ್ ಮುಳ್ಳು ನೋಡಿಕೊಂಡು.

ಬಾಗಿಲಲ್ಲಿ ನಿಂತು ನಾನು ಯಾರೆಂದು ಹೇಳಲು ಶುರುಮಾಡಿದ್ದೆ, ಅಷ್ಟೇ.

"ಗೊತ್ತಾತು, ಬಾ ಒಳಗೆ. ಸ್ವರ ಗುರ್ತು ಸಿಗ್ದೆ ಹೋದ್ರೆ ಹೇಂಗೆ? ವಿಡಿಯೋದಲ್ಲಿ ಕೂಗೋಳು ನೀನೇ ಅಲ್ದನೇ?"

ಅವರು ತಮ್ಮ ಫೋನು ತೆಗೆದು ಹಚ್ಚಿದರು. ಇವರ ಕೈಗಳು ಆ ಪುಟ್ಟ ವಾಚನ್ನು ಬಿಚ್ಚುತ್ತಿದ್ದವು. ಹಿಂದಿನಿಂದ ನನ್ನದೇ ಸ್ವರ, "ರೀ, ಚಾ ಆರ್ತದೆ. ಎಂತ ಮಾಡ್ತಿದೀರಿ ಇಷ್ಟೊತ್ತು?" ಕೈಗಳು ಒಂದು ಕ್ಷಣ ನಿಂತವು. "ತಡಿಯೇ, ನಿಮ್ಮೂರ ಅಮ್ಮಾರ ವಾಚು ಬಿಚ್ಚೀನಿ." ಆಮೇಲೆ ಮೆಲ್ಲಗೆ ಫೋನಿಗೆ, "ನಮ್ ಮನಿಯವ್ಳೂ ಸೊರಬದೋಳೇರೀ. ನೀವು ಬೈಯ್ಯೋಕೆ ಮುಂಚೆ ಅವಳು ಬೈತಾಳೆ."

"ಕಳಿಸಿ ಆದ್ಮೇಲೆ ಹೆದ್ರಿಕೆ ಆಗಿತ್ತು ಮಾರಾಯ್ತಿ. ಅಮ್ಮನ ವಾಚು, ಗುರ್ತಿಲ್ದವ್ರಿಗೆ ಎಂತಕೆ ಕೊಟ್ಟೆ ಅಂತ" ಎಂದರು ಆಕೆ. "ಇದು ಕೇಳಿದ್ಮೇಲೆ ಹೆದ್ರಿಕೆ ಹೋತು. ಹೆಂಡ್ತಿ ಹತ್ರ ಬೈಸ್ಕೊಳ್ಳೋದನ್ನೂ ತೆಗೀದೆ ಕಳಿಸ್ದೋರು ನನ್ನ ವಾಚು ಕದೀತಾರಾ?"

ನಾನು ತೆಗೆದು ಹಾಕಿರಿ ಎಂದು ಗೋಗರೆದಿದ್ದ ಮಾತುಗಳು ಅವು.

ವಾಚನ್ನು ಕೊಟ್ಟು, ಚಕ್ರ ಕಳೆದುಹೋದದ್ದನ್ನು ಹೇಳಿದೆ. ಶಿವಮೊಗ್ಗದ ಹಿರಿಯರು ಇನ್ನೂ ಹುಡುಕುತ್ತಿದ್ದಾರೆ, ಬೇರೆ ವಾಚಿನಿಂದ ಅಂಥದ್ದೇ ಸಿಕ್ಕರೆ ಹಾಕಿಕೊಡುತ್ತಾರೆ ಎಂದೆ. ಆದರೆ ಹಳೆಯದನ್ನು ವಾಪಸು ಕೊಡಲು ನನ್ನಿಂದ ಆಗಲಿಲ್ಲ, ಅವರಿದ್ದಿದ್ದರೆ ಕೊಡುತ್ತಿದ್ದರು ಎಂದೆ.

ಆಕೆ ವಾಚನ್ನು ಕಿವಿಗೆ ಹಿಡಿದರು. ನಡೆಯುವುದಿಲ್ಲ ಎಂದು ಗೊತ್ತಿದ್ದೂ ಹಿಡಿದರು. "ಸಿಕ್ದಾಗ ಹಾಕ್ಸುವ. ಈಗ ಕೈಕಾಲು ತೊಳ್ಕಾ, ಉಂಡು ಹೋಗು" ಎಂದರು. ಹೊರಡುವಾಗ ಇವರ ಫೋಟೋ ಇದೆಯಾ, ಮುಖ ನೋಡಲೇ ಇಲ್ಲವಲ್ಲ ಎಂದು ಕೇಳಿದರು. ನನ್ನ ಪರ್ಸಿನಲ್ಲಿದ್ದದ್ದನ್ನು ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು. ಸೆರಗಿನಲ್ಲಿ ಒರೆಸಿ ವಾಪಸು ಕೊಟ್ಟರು.

ಈಗ ಮೇಜಿನ ಮೇಲೆ ಯಾರ ವಾಚೂ ಇಲ್ಲ. ಗಾಜಿನ ಮುಚ್ಚಳಗಳನ್ನು ತೊಳೆದು ಬೋರಲು ಹಾಕಿದ್ದೇನೆ. ಜನ ಕಳಿಸಿದ ವಿಡಿಯೋಗಳು ನನ್ನ ಫೋನಿನಲ್ಲಿವೆ. ಅಡಿಗೆ ಮಾಡುವಾಗ ಕೆಲವೊಮ್ಮೆ ಒಂದನ್ನು ಹಚ್ಚಿಡುತ್ತೇನೆ. ಶಿವಮೊಗ್ಗದ ಹಿರಿಯರು ಆಗಾಗ ಫೋನು ಮಾಡಿ, ಇನ್ನೂ ನೋಡ್ತಿದೀನಮ್ಮ ಎನ್ನುತ್ತಾರೆ. ಬಂದ ವಾಚುಗಳೆಲ್ಲ ಅವರವರ ಮನೆ ಸೇರಿದವು. ಸೊರಬದ ವಾಚಿನ ಒಂದು ಚಕ್ರ ಮಾತ್ರ ಸೇರಿಲ್ಲ.