ಭಂಡಾರ ಎತ್ತದ ಕೈ

ಮಾಳುವಿನ ವಸ್ತಿಯಲ್ಲಿ ಬೀರಪ್ಪನ ಭಂಡಾರ ಎತ್ತಿ ಆಡಿದ ಮಾತಿಗೆ ಮರುಮಾತಿಲ್ಲ. ಭಂಡಾರ ಎಂದರೆ ದೇವರ ಮುಂದಿನ ಅರಿಸಿನದ ಪುಡಿ. ಹಣೆಗೆ ಹಚ್ಚಿದರೆ ಆಶೀರ್ವಾದ, ಮುಷ್ಟಿಯಲ್ಲಿ ಹಿಡಿದರೆ ಆಣೆ. ಕುರಿ ಕಳುವಾಗಲಿ, ಬದುವಿನ ಜಗಳವಾಗಲಿ, ಗುಡಿಗೆ ಬಂದು ಭಂಡಾರ ಎತ್ತಿದವನು ಪಾರು, ಎತ್ತದವನು ಕಳ್ಳ. ಮಾಳು ಎರಡು ಸಲ ಎತ್ತಲಿಲ್ಲ. ಅದಕ್ಕೇ ಮಮದಾಪುರದ ಕಡೆಯ ಆ ತೋಟದ ವಸ್ತಿಯಲ್ಲಿ ಅವನು ಬಂದು ಕಟ್ಟೆಯ ಮೇಲೆ ಕುಳಿತರೆ, ಮೊದಲೇ ಕುಳಿತವರಿಗೆಲ್ಲ ಒಮ್ಮೆಲೇ ಮನೆಯ ಕೆಲಸ ನೆನಪಾಗುತ್ತದೆ.

ಮಾಳು, ಸಿದ್ರಾಯ ಒಂದೇ ಕುರಿಹಿಂಡಿನ ಹಿಂದೆ ಅಲೆದು ಬೆಳೆದವರು. ಡಿಗ್ರಿ ಮುಗಿದ ಮೇಲೆ ಗೋಕಾಕದಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದು ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದತೊಡಗಿದರು. ಊಟ ಊರಿನಿಂದ ಬರುತ್ತಿತ್ತು. ಒಂದು ದಿನ ಮಾಳುವಿನ ಅವ್ವ, ಮರುದಿನ ಸಿದ್ರಾಯನ ಅವ್ವ ಶೆಟ್ಟೆವ್ವ, ರೊಟ್ಟಿಯ ಗಂಟನ್ನು ಮುಂಜಾನೆಯ ಬಸ್ಸಿನಲ್ಲಿಟ್ಟು ಕಳಿಸುವರು. ಇವರು ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಳ್ಳುವರು. ಶೆಟ್ಟೆವ್ವ ಕಟ್ಟಿದ ಗಂಟನ್ನು ಹಲ್ಲಿನಿಂದ ಬಿಚ್ಚಬೇಕು, ಅಷ್ಟು ಬಿಗಿ. ಪರೀಕ್ಷೆಗೂ ಇಬ್ಬರೂ ಒಂದೇ ಮೋಟರ್‌ಸೈಕಲ್ ಗಾಡಿಯ ಮೇಲೆ ಹೋಗುತ್ತಿದ್ದರು. ಮಾಳು ನಡೆಸಿದರೆ ಸಿದ್ರಾಯ ಹಿಂದೆ ಕುಳಿತು ದಾರಿಯುದ್ದಕ್ಕೂ ಪ್ರಶ್ನೆ ಕೇಳುವನು. ಫೇಲಾಗುವುದೂ ಕೂಡಿಯೇ. ಹೀಗೆ ಬರೆಯುತ್ತ ಬರೆಯುತ್ತ ಓರಗೆಯವರ ಮಕ್ಕಳು ಶಾಲೆಗೆ ಹೋಗುವಷ್ಟಾದರು.

ಆಗ ಸಿದ್ರಾಯನಿಗೆ, ಮೂಡಲಗಿಯಲ್ಲಿ ಯಾರದೋ ಮದುವೆಗೆ ಹೋದಾಗ, ಒಬ್ಬ ದಲ್ಲಾಳಿಯ ಪರಿಚಯವಾಯಿತು. ಕಿವಿಯೊಳಗೆ ಕಾಳಿನಷ್ಟು ಯಂತ್ರ, ಹೊರಗಿನಿಂದ ಒಬ್ಬ ಉತ್ತರ ಹೇಳುತ್ತಾನೆ, ಕೇಳಿ ಬರೆದರಾಯಿತು. ಸುತ್ತಲಿನ ನಾಲ್ಕಾರು ಹುಡುಗರು ಆಗಲೇ ಒಪ್ಪಿದ್ದರು. ಯಾರೂ ಬಾಯಿ ಬಿಡಬಾರದೆಂದು ಸಿದ್ರಾಯ ಗುಡಿಯಿಂದ ಭಂಡಾರವನ್ನು ಕಾಗದದಲ್ಲಿ ಕಟ್ಟಿಕೊಂಡು ಖೋಲಿಗೆ ತಂದ. ತಾನು ಎತ್ತಿ ಮಾಳುವಿನ ಮುಂದೆ ಹಿಡಿದ.

ಮಾಳು ಕೈ ಮುಂದೆ ಚಾಚಿದ್ದು ಸುಳ್ಳಲ್ಲ. ಅವನೇನು ಹರಿಶ್ಚಂದ್ರನ ಮನೆಯವನಲ್ಲ. ಹೋದ ಸಲ ಕೂದಲೆಳೆಯಲ್ಲಿ ನೌಕರಿ ತಪ್ಪಿದ್ದು ಇನ್ನೂ ಎದೆಯಲ್ಲಿ ಕುಟುಕುತ್ತಿತ್ತು. ಆದರೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

"ಕದಿಯೂದು ನಾವು, ಕಾವಲಕ್ಕ ಬೀರಪ್ಪನಾ? ಒಲ್ಲೆಪಾ. ನಾಳಿ ಕುರ್ಚಿ ಮ್ಯಾಲ ಕುಂತಾಗ ಯಾರರ ಲಂಚ ಕೊಡಾಕ ಬಂದ್ರ, ಬ್ಯಾಡ ಅನ್ನಾಕ ನನಗ ಬಾಯಿ ಎಲ್ಲಿ ಇರತೈತಿ?"

"ಮಂದಿ ಎಲ್ಲಾ ಮಾಡಾಕತ್ತೈತಿ. ನೀ ಒಬ್ಬಾವ ಏನ್ ಉದ್ಧಾರ ಮಾಡಾಂವ?" ಎಂದ ಸಿದ್ರಾಯ.

"ಉದ್ಧಾರ ಗಿದ್ಧಾರ ಗೊತ್ತಿಲ್ಲ. ನಾ ಯಾರ ಮುಂದೂ ಹೇಳೂದಿಲ್ಲ. ಆದ್ರ ನಾ ಒಲ್ಲೆ."

ಮುಚ್ಚಿಟ್ಟದ್ದು ಸರಿಯೋ ತಪ್ಪೋ, ತಿಳಿದವರು ಹೇಳಲಿ. ಅವನ ಮಟ್ಟಿಗೆ ಅದು ಗೆಳೆತನ.

ಪರೀಕ್ಷೆಯ ದಿನ ಸಿದ್ರಾಯ ಕೇಂದ್ರದ ಬಾಗಿಲಲ್ಲೇ ಪೊಲೀಸರ ಕೈಗೆ ಸಿಕ್ಕಿಬಿದ್ದ. ಸಂಜೆಯೊಳಗೆ ಉಳಿದ ಹುಡುಗರೂ ಸಿಕ್ಕರು. ಕಾಳಿನಷ್ಟು ಸಣ್ಣ ಯಂತ್ರ ಯಾರೂ ಹೇಳದೆ ಪೊಲೀಸರ ಕಣ್ಣಿಗೆ ಬೀಳುವುದುಂಟೇ? ವಿಷಯ ಗೊತ್ತಿದ್ದೂ ಭಂಡಾರ ಎತ್ತದೆ ಉಳಿದವನು ಮಾಳು ಒಬ್ಬನೇ ಎಂಬುದು ಸಿಕ್ಕ ಹುಡುಗರ ಮನೆಯವರಿಂದ ಹಬ್ಬಿತು. ವಸ್ತಿಗೆ ಉತ್ತರ ಸಿಕ್ಕಿತು.

ಮರುದಿನ ಮಾಳುವನ್ನು ಗುಡಿಗೆ ಕರೆಸಿದರು. ಹಿರಿಯ ಗುಡ್ಡಪ್ಪ ಮುದುಕ ಕೆಟ್ಟವನಲ್ಲ. ಎರಡೂ ಮನೆ ಉಳಿಯಲಿ ಎಂದು ಅವನ ಆಸೆ.

"ತಮ್ಮಾ, ಎರಡ ಮಾತ. 'ಪೊಲೀಸರಿಗೆ ನಾ ಹೇಳಿಲ್ಲ, ನನಗ ಏನೂ ಗೊತ್ತಿಲ್ಲ.' ಭಂಡಾರ ಎತ್ತಿ ಎರಡೂ ಅಂದಬಿಡು. ಪೊಲೀಸರ ಮುಂದನೂ ಅದನ್ನ ಅನ್ನು. ನೀನೂ ಪಾರ, ಸಾಕ್ಷಿ ಇಲ್ಲಂದ್ರ ಸಿದ್ರಾಯಗೂ ಅನುಕೂಲ."

"ಮೊದಲಿನ ಮಾತಿಗೆ ಈಗ ಎತ್ತತೇನ್ರಿ ಮುತ್ಯಾ. ಎರಡನೇದಕ್ಕ ಎತ್ತೂದಿಲ್ಲ. ನನಗ ಗೊತ್ತಿತ್ತು."

"ದೇವರ ಮುಂದ ಅರ್ಧಾ ಆಣಿ ಇರೂದಿಲ್ಲಪಾ."

ಶೆಟ್ಟೆವ್ವ ಕಂಬಕ್ಕೆ ಒರಗಿ ನಿಂತಿದ್ದಳು. ಮಾಳು ಅವಳ ಕಡೆಗೊಮ್ಮೆ ನೋಡಿದ. ಒಂದು ಹಿಡಿ ಅರಿಸಿನ, ಒಂದು ಸಣ್ಣ ಸುಳ್ಳು. ಇಷ್ಟಾದರೆ ಆ ಮುಖ ಮತ್ತೆ ತನ್ನ ಕಡೆ ತಿರುಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಕೈ ಎತ್ತದೆ ಹೊರಗೆ ಬಂದ. ಶೆಟ್ಟೆವ್ವ ಸೆರಗನ್ನು ಮುಖಕ್ಕೆ ಎಳೆದುಕೊಂಡಳು.

ತಮಾಷೆ ನೋಡಿ, ಪೊಲೀಸರು ಬಂದರು, ಹೋದರು, ಮಾಳುವನ್ನು ಕೇಳಲೇ ಇಲ್ಲ. ಅವರಿಗೆ ಬೇಕಾದ್ದೆಲ್ಲ ಆಗಲೇ ಸಿಕ್ಕಿತ್ತು.

ಸತ್ಯಕ್ಕೆ ಸಾವಿಲ್ಲ ಅನ್ನುತ್ತಾರೆ. ಸಾವಿಲ್ಲ ನಿಜ, ಆದರೆ ಜೊತೆಯೂ ಇಲ್ಲ. ಖೋಲಿಯಲ್ಲಿ ಈಗ ಮಾಳು ಒಬ್ಬನೇ ಓದುತ್ತಾನೆ. ಬಸ್ಸಿನಲ್ಲಿ ದಿನ ಬಿಟ್ಟು ದಿನ ಅವ್ವನ ಗಂಟು ಬರುತ್ತದೆ. ನಡುವಿನ ದಿನ ನಿನ್ನೆಯ ಒಣರೊಟ್ಟಿ. ದಿನಾ ಕಳಿಸು ಎಂದು ಅವ್ವನಿಗೆ ಹೇಳಲು ಬಾಯಿ ಬರಲಿಲ್ಲ. ಹಾಗೆ ಹೇಳಿದರೆ ಶೆಟ್ಟೆವ್ವ ಇನ್ನು ಕಳಿಸುವುದಿಲ್ಲ ಎಂದು ತಾನೇ ಒಪ್ಪಿಕೊಂಡ ಹಾಗೆ.

ಜಾಮೀನಿನ ಮೇಲೆ ಹೊರಗೆ ಬಂದಿದ್ದ ಸಿದ್ರಾಯ ಒಂದು ಮುಂಜಾನೆ ಗೋಕಾಕ ಸ್ಟ್ಯಾಂಡಿನಲ್ಲಿ ಎದುರಾದ. ಬಹಳ ಸೊರಗಿದ್ದ. ಮಾಳುವಿನ ಕೈಯಲ್ಲಿದ್ದ ಗಂಟನ್ನು ನೋಡುತ್ತಲೇ ಮಾತಾಡಿದ.

"ನೀ ಹೇಳಿಲ್ಲ ಅನ್ನೂದು ನನಗ ಗೊತ್ತೈತಿ. ಯಾರೂ ಹೇಳಿಲ್ಲ. ಬಾಗಲದಾಗ ಪೊಲೀಸಪ್ಪ ಬರೇ ಕಿವಿ ತೋರಸು ಅಂದ, ಅಷ್ಟಕ್ಕ ನಾ ಹೆದರಿದೆ. ಎಲ್ಲಾರ ಹೆಸರೂ ನಾನ ಹೇಳಿಬಿಟ್ಟೆ."

ಮಾಳು ಗಂಟನ್ನು ಬಗಲಿಗೆ ಸರಿಸಿಕೊಂಡ. "ಮತ್ತ ವಸ್ತ್ಯಾಗ ಯಾಕ ಹೇಳಲಿಲ್ಲ?"

"ಬಾಯಿ ಬಿಡೂದಿಲ್ಲಂತ ಭಂಡಾರ ಎತ್ತಿದ್ನೆಲ್ಲೊ. ಆಣಿ ಮುರದೇನಿ ಅಂತ ತಿಳದ್ರ ನನ್ನ ಬಿಡು, ಅವ್ವನ್ನೂ ಗುಡಿಯೊಳಗ ಸೇರಸೂದಿಲ್ಲ."

"ಅವ್ವಗರ ಹೇಳೊ. ಅಕಿ ಒಬ್ಬಾಕಿಗಿ."

ಬಸ್ಸು ಬಂತು, ಸಿದ್ರಾಯ ಹತ್ತಿ ಹೋದ. ಈ ಸಲ ಮಾಳುವಿಗೆ ಯಾರೂ ಆಣೆ ಹಾಕಿರಲಿಲ್ಲ. ಆದರೂ ಶೆಟ್ಟೆವ್ವನ ಮುಖ ನೆನೆದು ಅವನು ಈ ಮಾತನ್ನು ಯಾರ ಮುಂದೆಯೂ ಎತ್ತಲಿಲ್ಲ.

ಮುಂದಿನ ಪರೀಕ್ಷೆ ಹುಕ್ಕೇರಿಯಲ್ಲಿ ಬಂತು. ಮಾಳು ಒಬ್ಬನೇ ಗಾಡಿ ಹೊಡೆದುಕೊಂಡು ಹೋದ. ಹಿಂದಿನಿಂದ ಪ್ರಶ್ನೆ ಕೇಳುವವರಿಲ್ಲದ್ದಕ್ಕೆ ತಾನೇ ಕೇಳಿಕೊಂಡು ತಾನೇ ಉತ್ತರ ಹೇಳಿಕೊಂಡ. ಕಬ್ಬಿನ ಗಾಡಿಯವನೊಬ್ಬ ತಿರುಗಿ ನೋಡಿದಾಗ ನಾಚಿ ಸುಮ್ಮನಾದ.

ಬಾಗಿಲಲ್ಲಿ ಸಾಲು ಹಚ್ಚಿದ್ದರು. ವಯಸ್ಸಾದ ಪೊಲೀಸನೊಬ್ಬ ಬ್ಯಾಟರಿಯ ಬೆಳಕು ಹಿಡಿದು ಮಾಳುವಿನ ಒಂದು ಕಿವಿ ನೋಡಿದ, ಇನ್ನೊಂದು ನೋಡಿದ, ಕಾಲರು ತಡವಿದ, ಅಂಗೈ ಬಿಡಿಸಿ ನೋಡಿದ.

"ಏನೂ ಇಲ್ಲಪಾ ನಿನ್ನ ಕಡೆ. ಸಾಫ್ ಅದೀ. ಹೋಗು."

ಅಷ್ಟು ದಿನಗಳಲ್ಲಿ ನಾಲ್ಕು ಮಂದಿಯ ಮುಂದೆ ಅವನಿಗೆ ಈ ಮಾತು ಹೇಳಿದವನು ಆ ಗುರುತಿಲ್ಲದ ಪೊಲೀಸನೊಬ್ಬನೇ. ಮಾಳುವಿನ ಕಣ್ಣು ತುಂಬಿ ಬಂತು.

"ಯಾಕ ತಮ್ಮಾ, ಹೆದರಿಕಿ ಆಗಾಕತ್ತೈತೇನು?"

"ಇಲ್ರಿ," ಎಂದ ಮಾಳು. "ಏನೂ ಇಲ್ರಿ." ಕಣ್ಣೊರೆಸಿಕೊಂಡು ಒಳಗೆ ಹೋಗಿ ತನ್ನ ನಂಬರಿನ ಬೆಂಚು ಹುಡುಕಿ ಕುಳಿತ.